ಫೈಟರ್‌ನಿಂದ ಇಳಿದವರಿಗೆ ಯಾವ ಪುಟ್ಟ ವಿಮಾನ?

ನಿವೃತ್ತ ಸೇನಾ ಪೈಲಟ್‌ಗಳು ಹಗುರ ವಿಮಾನದ ಬಗ್ಗೆ ಕೇಳಲು ಬರುವಾಗ ಪ್ರಶ್ನೆಯ ಜೊತೆಗೆ ಅರ್ಧ ಉತ್ತರವನ್ನೂ ಕಟ್ಟಿಕೊಂಡೇ ಬಂದಿರುತ್ತಾರೆ. "ಯಾಕ್-52 ಕೊಳ್ಳಲೋ, ಆರ್‌ವಿ-8 ಕಟ್ಟಿಕೊಳ್ಳಲೋ?" ಮೊದಲನೆಯದು ಸೋವಿಯತ್ ಕಾಲದ ಸೇನಾ ತರಬೇತಿ ವಿಮಾನ, ಎರಡನೆಯದು ಕಿಟ್ ತರಿಸಿ ಕೈಯಾರೆ ಕಟ್ಟುವಂಥದ್ದು. ಎರಡರಲ್ಲೂ ಸೀಟುಗಳು ಹಿಂದೆ ಮುಂದೆ, ಕೈಗೆ ಸ್ಟಿಕ್, ತಲೆ ಮೇಲೆ ಗಾಜಿನ ಕ್ಯಾನೊಪಿ. ಬೇಕೆಂದರೆ ಮಗುಚಿ ಹಾರಿಸಲೂಬಹುದು. ಹಳೆಯ ಕಾಕ್‌ಪಿಟ್‌ನ ನೆನಪು ತರುವ ವಿಮಾನಗಳು. ಕ್ಲಬ್ಬುಗಳ ನಾಲ್ಕು ಸೀಟಿನ ಸೆಸ್ನಾ ಹೆಸರೆತ್ತಿದರೆ ಮುಖ ಸಪ್ಪಗಾಗುತ್ತದೆ. ಎಂಜಿನ್ ಇಲ್ಲದ ಗ್ಲೈಡರ್ ಎಂದರೆ, "ಅದು ಹುಡುಗರ ಆಟ ಅಲ್ಲವೇ?" ಎಂಬ ನಗು.

ನಾನು ಕ್ಲಬ್ಬಿನಲ್ಲಿ ಇನ್‌ಸ್ಟ್ರಕ್ಟರ್. ಇಂಥವರ ಬಲಬದಿಯಲ್ಲಿ ಕೂತು ವರ್ಷಗಳಾದವು. ನನಗೆ ಗೊತ್ತಾದದ್ದು ಇಷ್ಟು: ನೀವು ಹಿಂದೆ ಏನು ಹಾರಿಸಿದ್ದಿರಿ ಎಂಬುದನ್ನು ಹಿಡಿದು ಆಯ್ಕೆ ಮಾಡಿದರೆ ದಾರಿ ತಪ್ಪುವುದೇ ಹೆಚ್ಚು. ಇನ್ನು ಮುಂದೆ ತಿಂಗಳಿಗೆ ನಿಜವಾಗಿ ಎಷ್ಟು ಗಂಟೆ ಹಾರಿಸುತ್ತೀರಿ ಎಂಬುದನ್ನು ಹಿಡಿದು ಆಯ್ಕೆ ಮಾಡಿ.

ಮೊದಲು ಅಳತೆಗೋಲು

ಮೊದಲನೆಯದು ಆ ಗಂಟೆಗಳ ಲೆಕ್ಕ. ಉತ್ಸಾಹದ ಲೆಕ್ಕವಲ್ಲ, ಮಳೆ, ಗಾಳಿ, ಮನೆಯ ಕೆಲಸ, ವಿಮಾನ ರಿಪೇರಿಗೆ ನಿಂತ ದಿನ ಎಲ್ಲ ಕಳೆದು ಉಳಿಯುವ ಲೆಕ್ಕ. ಬಹಳ ಜನ ಹತ್ತು ಎನ್ನುತ್ತಾರೆ. ವರ್ಷದ ಕೊನೆಗೆ ಲಾಗ್‌ಬುಕ್ ತೆರೆದರೆ ತಿಂಗಳಿಗೆ ಮೂರೋ ನಾಲ್ಕೋ ಬಿದ್ದಿರುತ್ತದೆ.

ಎರಡನೆಯದು, ಪಕ್ಕದಲ್ಲಿ ಯಾರು? ಹೆಂಡತಿಯೋ ಗಂಡನೋ ಜೊತೆಗೆ ಬರುವವರಾದರೆ ಹಿಂದಿನ ಸೀಟಿನಲ್ಲಿ ಕೂತು ನಿಮ್ಮ ಹೆಲ್ಮೆಟ್ಟಿನ ಬೆನ್ನನ್ನೇ ನೋಡುತ್ತಿರಲು ಅವರಿಗೆ ಎಷ್ಟು ದಿನ ಮನಸ್ಸಾಗುತ್ತದೆ ಎಂದು ಈಗಲೇ ಕೇಳಿಬಿಡಿ. ಮೂರನೆಯದು ದೇಹ. ವರ್ಷಗಟ್ಟಲೆ ಜಿ (ತಿರುವಿನಲ್ಲಿ ಮೈಮೇಲೆ ಬೀಳುವ ಹಲವು ಪಟ್ಟು ಭಾರ) ಎಳೆದ ಕುತ್ತಿಗೆ, ಒಮ್ಮೆ ಸೀಟಿನ ಸಮೇತ ಹೊರಚಿಮ್ಮಿ ಎಜೆಕ್ಟ್ ಆಗಿದ್ದರೆ ಬೆನ್ನುಮೂಳೆ, ಎಂಜಿನ್ ಸದ್ದಿಗೆ ಮಂದವಾದ ಕಿವಿ, ಇವೆಲ್ಲ ಆಯ್ಕೆಯಲ್ಲಿ ಮಾತಾಡುತ್ತವೆ. ನಾಲ್ಕನೆಯದು ಖರ್ಚಿನ ಬಗೆ. ಹಾರಿಸಿದರೂ ಬಿಟ್ಟರೂ ತೆರಬೇಕಾದದ್ದು ಒಂದು: ಹ್ಯಾಂಗರ್ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ. ಹಾರಿಸಿದಷ್ಟೇ ತೆರುವುದು ಇನ್ನೊಂದು: ಇಂಧನ, ಎಂಜಿನ್ ಬಿಚ್ಚಿ ಪೂರ್ತಿ ಸರಿಪಡಿಸುವ ಓವರ್‌ಹಾಲಿಗೆ ಎತ್ತಿಡುವ ದುಡ್ಡು. ಐದನೆಯದು ನಿಮ್ಮ ಹತ್ತಿರದ ಏರ್‌ಫೀಲ್ಡ್: ರನ್‌ವೇ ಹುಲ್ಲಿನದೋ ಟಾರಿನದೋ, ಅಡ್ಡಗಾಳಿ ಎಷ್ಟು, ಆ ಎಂಜಿನ್ ಬಲ್ಲ ಮೆಕ್ಯಾನಿಕ್ ಅಲ್ಲಿ ಇದ್ದಾರೋ ಇಲ್ಲವೋ.

ಲೈಸೆನ್ಸಿನ ಮಾತನ್ನು ಇಲ್ಲೇ ಮುಗಿಸುತ್ತೇನೆ. ಸೇನೆಯ ಅನುಭವಕ್ಕೆ ಎಷ್ಟು ರಿಯಾಯಿತಿ ಎಂಬುದು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದಲ್ಲಿ ಸೇನಾ ಪೈಲಟ್ ಒಂದು ಲಿಖಿತ ಪರೀಕ್ಷೆ ಪಾಸು ಮಾಡಿ, ಸೇವಾ ದಾಖಲೆ ತೋರಿಸಿದರೆ ಕಮರ್ಷಿಯಲ್ ಲೈಸೆನ್ಸೇ ಸಿಗುತ್ತದೆ. ನಿಯಮದ ಕಣ್ಣಿಗೆ ಎಫ್-16 ಕೂಡ ನೆಲದಿಂದ ಏರುವ ಒಂಟಿ ಎಂಜಿನ್ ವಿಮಾನ, ಸೆಸ್ನಾ 172 ಕೂಡ ಅದೇ. ಹೀಗಾಗಿ ಪಿಸ್ಟನ್ ಎಂಜಿನ್ ಮುಟ್ಟಿಯೇ ಇಲ್ಲದವರ ಕೈಗೂ ಕಾಗದ ಬಂದುಬಿಡುತ್ತದೆ. ಕಾಗದ ಬಂತೆಂದು ಕೈ ಪಳಗಿತು ಅಂದುಕೊಳ್ಳಬೇಡಿ.

ಹಳೆಯ ಕೈ, ಮರೆತ ಕಾಲು

3000 ಗಂಟೆ ಜೆಟ್ ಹಾರಿಸಿದ್ದ ಒಬ್ಬರು ಮೊದಲ ಸಲ ನಮ್ಮ 172ರ ಎಡ ಸೀಟಿನಲ್ಲಿ ಕೂತರು. ಹತ್ತು ನಿಮಿಷದೊಳಗೆ ಎತ್ತರ ಗೆರೆ ಎಳೆದ ಹಾಗೆ ನಿಂತಿತು. ರೇಡಿಯೋ ಮಾತು ನನಗಿಂತ ಚೊಕ್ಕ. ಆದರೆ ತಿರುವಿಗೆ ಹೋದಾಗಲೆಲ್ಲ ವಿಮಾನ ಅಡ್ಡ ಜಾರುತ್ತಿದೆಯೇ ಎಂದು ತೋರಿಸುವ ಗಾಜಿನ ನಳಿಗೆಯಲ್ಲಿನ ಕರಿ ಗುಂಡು ಒಂದು ಬದಿಗೆ ಜಾರಿ ಅಲ್ಲೇ ಕೂರುತ್ತಿತ್ತು. ಕೆಳಗೆ ಬಗ್ಗಿ ನೋಡಿದೆ. ಎರಡೂ ಪಾದಗಳು ಮೂತಿಯನ್ನು ಎಡಬಲ ತಿರುಗಿಸುವ ಪೆಡಲ್ ಬಿಟ್ಟು ನೆಲದ ಮೇಲೆ ಆರಾಮಾಗಿದ್ದವು. ಜೆಟ್‌ನಲ್ಲಿ ಮೂತಿ ಅತ್ತಿತ್ತ ಓಲಾಡದಂತೆ ತಾನಾಗಿ ತಡೆಯುವ 'ಯಾ ಡ್ಯಾಂಪರ್' ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಕಾಲೇ ಮಾಡಬೇಕು. ಪ್ರೊಪೆಲ್ಲರ್ ಮೂತಿಯನ್ನು ಒಂದು ಕಡೆ ಎಳೆಯುತ್ತದೆ, ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯಂಚಿನ ಐಲರಾನ್ ಒತ್ತಿದರೆ ಮೂತಿ ತಿರುವಿನ ವಿರುದ್ಧಕ್ಕೆ ಹೋಗುತ್ತದೆ.

ಇಳಿಯುವಾಗ ನಾನು 65 ನಾಟ್ (ಗಂಟೆಗೆ ಸುಮಾರು 120 ಕಿಲೋಮೀಟರ್) ಎಂದೆ. ಅವರು ತಾವಾಗಿ ಹತ್ತು ಸೇರಿಸಿ 75ರಲ್ಲಿ ಬಂದರು. 150 ನಾಟ್ ಆಸುಪಾಸಿನಲ್ಲಿ ಇಳಿಸಿದವರಿಗೆ ಹತ್ತು ನಾಟ್ ಲೆಕ್ಕಕ್ಕಿಲ್ಲ. ಆದರೆ ಚಲನಶಕ್ತಿ ವೇಗದ ವರ್ಗದಂತೆ ಏರುತ್ತದೆ. 65ರ ಮೇಲೆ ಹತ್ತು ಎಂದರೆ ಮೂರನೇ ಒಂದು ಭಾಗ ಹೆಚ್ಚುವರಿ ಶಕ್ತಿ. ನೆಲ ಮುಟ್ಟುವ ಮುನ್ನ ಮೂತಿ ಎತ್ತುವ ಫ್ಲೇರ್ ಕೂಡ ಕಣ್ಣಿಗೆ ರೂಢಿಯಾದ ಎತ್ತರದಲ್ಲೇ, ಅಂದರೆ ನಮಗೆ ಬೇಕಾದದ್ದಕ್ಕಿಂತ ಬಹಳ ಮೇಲೆ. ವಿಮಾನ ತೇಲಿತು, ರನ್‌ವೇ ಅರ್ಧ ಮುಗಿದರೂ ತೇಲುತ್ತಲೇ ಇತ್ತು. ಅವರು ನಕ್ಕು, "ಇದು ಇಳಿಯಲು ಒಲ್ಲೆ ಅನ್ನುತ್ತಿದೆಯಲ್ಲ ಮಾರಾಯರೆ" ಎಂದರು.

ಹೆಲಿಕಾಪ್ಟರ್‌ನಿಂದ ಬಂದವರ ಕಷ್ಟ ಬೇರೆ. ಮುಂದಕ್ಕೆ ಹಾರುತ್ತಿರುವಾಗ ಎಂಜಿನ್ ನಿಂತರೆ ರೋಟರ್ ವೇಗ ಉಳಿಸಲು ಎಡಗೈಯ ಕಲೆಕ್ಟಿವ್ ಸನ್ನೆ ಇಳಿಸಿ, ಬಲಗೈಯ ಸೈಕ್ಲಿಕ್ ಸ್ಟಿಕ್ ಹಿಂದಕ್ಕೆಳೆಯುವುದು ಅವರ ಕೈಗೆ ಅಂಟಿದ ಪಾಠ. ವಿಮಾನದಲ್ಲಿ ಹಾಗೆ ಹಿಂದಕ್ಕೆಳೆದರೆ ಸ್ಟಾಲ್, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳುತ್ತದೆ. ಇಲ್ಲಿ ಮೂತಿ ತಗ್ಗಬೇಕು, ಅದೂ ತಕ್ಷಣ. ಸಾರಿಗೆ ವಿಮಾನದಿಂದ ಬಂದವರು ಸಾಮಾನ್ಯವಾಗಿ ಎಲ್ಲರಿಗಿಂತ ಬೇಗ ಹೊಂದಿಕೊಳ್ಳುತ್ತಾರೆ. ಪಕ್ಕದಲ್ಲಿ ಚೆಕ್‌ಲಿಸ್ಟ್ ಓದುವವರು ಇಲ್ಲವೆಂಬ ಕೊರಗು ಮಾತ್ರ ಉಳಿಯುತ್ತದೆ.

ಇನ್ನೊಂದು ಬದಲಾವಣೆ ಹಾರುವ ಮೊದಲೇ ಬರುತ್ತದೆ: ಸಿದ್ಧಪಡಿಸಿ ಕೊಡುವ ಸಿಬ್ಬಂದಿ ಇಲ್ಲ. ಎರಡನೇ ಮಹಾಯುದ್ಧದ ಫೈಟರ್ ಪೈಲಟ್ ಬಾಬ್ ಹೂವರ್ ಆಮೇಲೆ ಷ್ರೈಕ್ ಕಮಾಂಡರ್ ಎಂಬ ಪಿಸ್ಟನ್ ಅವಳಿ ಎಂಜಿನ್ ವಿಮಾನದಲ್ಲಿ ಎರಡೂ ಎಂಜಿನ್ ನಿಲ್ಲಿಸಿ ಕಸರತ್ತು ತೋರಿಸಿ ಹೆಸರಾದವರು. ಒಮ್ಮೆ ಅದಕ್ಕೆ ಯಾರೋ ತಪ್ಪಾಗಿ ಜೆಟ್ ಇಂಧನ ತುಂಬಿದರು. ಏರಿದ ಮೇಲೆ ಎರಡೂ ಎಂಜಿನ್ ಕೈಕೊಟ್ಟವು. ಅವರು ಹೇಗೋ ಇಳಿಸಿ ಎಲ್ಲರನ್ನೂ ಉಳಿಸಿದರು. ಜೆಟ್ ಇಂಧನದ ಪೈಪು ಪಿಸ್ಟನ್ ವಿಮಾನದ ಟ್ಯಾಂಕಿನ ಬಾಯಿಗೆ ಹೋಗದಂತೆ ಮಾಡಿದ ಅಗಲ ಮೂತಿಗೆ ಈಗಲೂ ಹೂವರ್ ಹೆಸರಿದೆ. ಅಂಥವರಿಗೇ ಹೀಗಾಯಿತು. ರೆಕ್ಕೆಯಡಿ ಬಗ್ಗಿ, ಪಾರದರ್ಶಕ ಕೊಳವೆಗೆ ಇಂಧನ ಇಳಿಸಿ, ಬೆಳಕಿಗೆ ಹಿಡಿದು, ಬಣ್ಣ ನೀಲಿಯೋ, ತಳದಲ್ಲಿ ನೀರಿನ ಗುಳ್ಳೆ ಇದೆಯೋ ಎಂದು ನೋಡುವುದು ಇನ್ನು ನಿಮ್ಮ ಕೆಲಸ.

ಕ್ಲಬ್ಬಿನ ನಾಲ್ಕು ಸೀಟು: ಸೆಸ್ನಾ 172 ಮತ್ತು ಅದರ ಜಾತಿಯವು

1955ರಲ್ಲಿ ಮೊದಲು ಹಾರಿದ್ದು, ಇಂದಿಗೂ ತಯಾರಾಗುತ್ತಿದೆ. 44,000ಕ್ಕೂ ಹೆಚ್ಚು ಹೊರಬಂದಿವೆ. ಹಾಗಾಗಿ ಬಿಡಿಭಾಗ, ಮೆಕ್ಯಾನಿಕ್, ಇನ್‌ಸ್ಟ್ರಕ್ಟರ್ ಎಲ್ಲಕ್ಕೂ ಬರವಿಲ್ಲ. ಬಾಗಿಲು ತೆಗೆದು ಕಾರಿಗೆ ಹತ್ತಿದಂತೆ ಹತ್ತಬಹುದು. ಕುತ್ತಿಗೆ, ಮಂಡಿ ನೋವಿರುವವರಿಗೆ ಇದು ಸಣ್ಣ ಮಾತಲ್ಲ. ರೆಕ್ಕೆ ಮೇಲಿರುವುದರಿಂದ ಕೆಳಗಿನ ನೋಟ ಚೆಂದ, ಜೊತೆಗೆ ಬಂದವರು ಸುಮ್ಮನಿರುತ್ತಾರೆ. ಪೈಪರ್ ಕಂಪನಿಯ ನಾಲ್ಕು ಸೀಟಿನ ಪಿಎ-28ಕ್ಕೂ ಹೆಚ್ಚುಕಡಿಮೆ ಇದೇ ಮಾತು. ಆದರೆ ಅದಕ್ಕೆ ರೆಕ್ಕೆ ಹತ್ತಿಯೇ ಒಳಗೆ ಹೋಗಬೇಕು, ಬಾಗಿಲು ಒಂದೇ.

ನಾಲ್ಕು ಸೀಟು ಎಂಬುದನ್ನು ನಂಬಬೇಡಿ. 172ಎಸ್ ಮಾದರಿಯ ಟ್ಯಾಂಕು ತುಂಬಿಸಿದರೆ ಉಳಿಯುವುದು ಸುಮಾರು 250 ಕಿಲೋ. ಮೂವರು ದೊಡ್ಡವರು, ಒಂದಿಷ್ಟು ಚೀಲ, ಅಷ್ಟೇ. ಬಿಸಿಲು ಏರಿದ ಮಧ್ಯಾಹ್ನ, ಎತ್ತರದ ಊರಿನ ರನ್‌ವೇಯಲ್ಲಿ ಅದೂ ಕಷ್ಟ. ಜೆಟ್‌ಗೆ ಹೆಚ್ಚುವರಿ ನೂಕು ಕೊಡುವ ಆಫ್ಟರ್‌ಬರ್ನರ್ ಹಚ್ಚಿ ಅಭ್ಯಾಸವಾದ ಎಡಗೈಗೆ ಇಲ್ಲಿ 180 ಅಶ್ವಶಕ್ತಿ ಮಾತ್ರ.

172ರ ತಯಾರಿಕೆ 1986ರಲ್ಲಿ ನಿಂತು 1996ರಲ್ಲಿ ಮತ್ತೆ ಶುರುವಾಯಿತು. ಅದಕ್ಕೂ ಹಿಂದಿನವು ಬಹುತೇಕ ಕಾರ್ಬ್ಯುರೇಟರ್ (ಗಾಳಿಗೆ ಇಂಧನ ಬೆರೆಸುವ ಭಾಗ) ಇರುವವು. ಗಾಳಿಯಲ್ಲಿ ತೇವವಿದ್ದರೆ ಹೊರಗೆ 20 ಡಿಗ್ರಿ ಇದ್ದಾಗಲೂ ಅದರೊಳಗೆ ಐಸ್ ಕಟ್ಟಬಹುದು. ಜೆಟ್‌ನವರಿಗೆ ಇದು ಹೊಸ ಶತ್ರು. ವೇಗದ ಬಗ್ಗೆ ಕೇಳಿದರೆ, 120 ನಾಟ್. ಬೇಸರವಾಗುತ್ತದೆಯೇ? ಮೊದಲ ಹತ್ತು ಗಂಟೆ ಆಗದು, ಏಕೆಂದರೆ ಕಾಲಿನ ಪಾಠ ಮುಗಿದಿರುವುದಿಲ್ಲ. ನೂರು ಗಂಟೆಯ ನಂತರ ಕೆಲವರಿಗೆ ಆಗುತ್ತದೆ. ಆಗ ಬೇರೆಯದನ್ನು ನೋಡಿದರಾಯಿತು.

ಕುಟುಂಬ ಜೊತೆಗಿದ್ದು, ತಿಂಗಳಿಗೆ ಐದಾರು ಗಂಟೆಗಿಂತ ಕಡಿಮೆ ಹಾರಿಸುವವರಿಗೆ ಬಾಡಿಗೆಯ 172ಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಎರಡು ಸೀಟಿನ ಹಗುರ ವಿಮಾನ

ಅಮೆರಿಕ 2004ರಲ್ಲಿ 'ಲೈಟ್ ಸ್ಪೋರ್ಟ್' ವರ್ಗ ತಂದಾಗ ತೂಕದ ಮಿತಿ 600 ಕಿಲೋ ಇಟ್ಟಿತು. ಯುರೋಪಿನಲ್ಲೂ ಅದೇ ಅಳತೆಯ ವಿಮಾನಗಳು ಬೇಕಾದಷ್ಟಿವೆ. ಬಹುಪಾಲಿಗೆ ರೋಟ್ಯಾಕ್ಸ್ 912 ಎಂಜಿನ್, 80 ಅಥವಾ 100 ಅಶ್ವಶಕ್ತಿ. ಕಾರಿಗೆ ಹಾಕುವ ಪೆಟ್ರೋಲೇ ನಡೆಯುತ್ತದೆ, ಅದೂ 172 ಕುಡಿಯುವುದರಲ್ಲಿ ಹೆಚ್ಚುಕಡಿಮೆ ಅರ್ಧ. ಇದರ ಎಣ್ಣೆ ನೋಡುವ ಕ್ರಮವೇ ಒಂದು ಮೋಜು. ಇಗ್ನಿಷನ್ ಆರಿಸಿ, ಪ್ರೊಪೆಲ್ಲರನ್ನು ಕೈಯಲ್ಲಿ ಅದು ತಿರುಗುವ ದಿಕ್ಕಿಗೇ ನಿಧಾನ ತಿರುಗಿಸುತ್ತ ಹೋಗಬೇಕು. ಎಣ್ಣೆ ಟ್ಯಾಂಕಿನಿಂದ 'ಗುಳುಗುಳು' ಎಂದು ಸದ್ದು ಬಂದ ಮೇಲೆ ಅಳತೆ ಕಡ್ಡಿ ತೆಗೆಯಬೇಕು. ಅದಕ್ಕೂ ಮೊದಲು ತೆಗೆದರೆ ಎಣ್ಣೆ ಕಡಿಮೆ ಇರುವಂತೆ ಕಾಣುತ್ತದೆ. ಹೊಸಬರು ಇನ್ನಷ್ಟು ಸುರಿದುಬಿಡುತ್ತಾರೆ.

ಇಲ್ಲಿನ ತೊಂದರೆ ಹಗುರತನವೇ. ಮಿಗ್-21ರ ಪ್ರತಿ ಚದರ ಮೀಟರ್ ರೆಕ್ಕೆ 350 ಕಿಲೋಗೂ ಮೇಲೆ ಹೊರುತ್ತಿತ್ತು, 172ರದ್ದು 70ರಷ್ಟು, ಇವುಗಳದ್ದು ಇನ್ನೂ ಕಡಿಮೆ. ಮಧ್ಯಾಹ್ನದ ಬಿಸಿಗಾಳಿಗೆ ತರಗೆಲೆಯಂತೆ ಕುಣಿಯುತ್ತವೆ. ಥ್ರಾಟಲ್ ಹಿಂದಕ್ಕೆಳೆದರೆ ವೇಗ ತಟ್ಟನೆ ಬೀಳುತ್ತದೆ, ಏಕೆಂದರೆ ಮುಂದಕ್ಕೆ ನೂಕುವ ತೂಕವೇ ಇಲ್ಲ. ಸೇನೆಯಿಂದ ಬಂದವರು ಇವನ್ನು ಆಟಿಕೆ ಎಂದುಕೊಂಡು ಬಂದು, ಮುಂದಿನ ಚಕ್ರ ಬಾಗಿಸಿಕೊಂಡು ಹೋದದ್ದನ್ನು ನೋಡಿದ್ದೇನೆ.

ಮೆಡಿಕಲ್ (ಪೈಲಟ್‌ಗೆ ಬೇಕಾದ ಆರೋಗ್ಯ ಪ್ರಮಾಣಪತ್ರ) ಬಗ್ಗೆ ಆತಂಕವಿರುವವರಿಗೆ ಈ ವರ್ಗ ದಾರಿಯಾಗಬಹುದು. ಅಮೆರಿಕದಲ್ಲಿ ಸ್ಪೋರ್ಟ್ ಪೈಲಟ್‌ಗೆ ಕಾರಿನ ಲೈಸೆನ್ಸೇ ಮೆಡಿಕಲ್ ಜಾಗದಲ್ಲಿ ನಡೆಯುತ್ತದೆ. ಆದರೆ ಕೊನೆಯ ಸಲ ಹಾಕಿದ ಮೆಡಿಕಲ್ ಅರ್ಜಿ ತಿರಸ್ಕಾರವಾಗಿದ್ದರೆ ಆ ದಾರಿ ಮುಚ್ಚುತ್ತದೆ. ಆದ್ದರಿಂದ ನಿಮ್ಮ ದೇಶದ ನಿಯಮ ಓದಿಕೊಂಡ ಮೇಲೆಯೇ ಅರ್ಜಿ ಹಾಕಿ. ಒಬ್ಬರೇ ಅಥವಾ ಇಬ್ಬರೇ ಹಾರುವವರು, ಸ್ವಂತದ್ದು ಬೇಕು, ಕೈ ಬಿಗಿ ಎನ್ನುವವರು ಇಲ್ಲಿಂದ ಹುಡುಕಾಟ ಆರಂಭಿಸಲಿ.

ಬಟ್ಟೆಯ ರೆಕ್ಕೆಯ ಕೆಳಗೆ ತೂಗುವ ಟ್ರೈಕ್ ಇನ್ನೂ ಅಗ್ಗ. ಆದರೆ ಅದರ ಅಡ್ಡಪಟ್ಟಿ ಸ್ಟಿಕ್ಕಿಗೆ ತದ್ವಿರುದ್ಧ: ಎಳೆದರೆ ಮೂತಿ ಕೆಳಗೆ, ಬಲಕ್ಕೆ ದೂಡಿದರೆ ಎಡಕ್ಕೆ ತಿರುವು. ಮೂವತ್ತು ವರ್ಷ ಸ್ಟಿಕ್ ಹಿಡಿದ ಕೈ ಗಾಬರಿಯಲ್ಲಿ ಹಳೆಯದನ್ನೇ ಮಾಡುತ್ತದೆ. ಏನೂ ಗೊತ್ತಿಲ್ಲದ ಹೊಸಬರಿಗಿಂತ ನಿಮಗೇ ಇದು ಹೆಚ್ಚು ಅಪಾಯ. ನಾನು ಬೇಡ ಎನ್ನುತ್ತೇನೆ.

ಗ್ಲೈಡರ್

ನನ್ನ ಪಕ್ಷಪಾತ ಇಲ್ಲಿದೆ, ಮುಚ್ಚಿಡುವುದಿಲ್ಲ. ಗ್ಲೈಡರಿನ ಕ್ಯಾನೊಪಿ ಮೇಲೆ ಕಣ್ಣೆದುರಿಗೇ ಒಂದು ತುಂಡು ಉಲ್ಲನ್ ದಾರ ಅಂಟಿಸಿರುತ್ತಾರೆ. ಕಾಲು ಸರಿ ಕೆಲಸ ಮಾಡಿದರೆ ದಾರ ನೇರ, ಇಲ್ಲದಿದ್ದರೆ ಓರೆ. ಎಫ್-14 ಮತ್ತು ಯು-2ರಂಥ ವಿಮಾನಗಳಲ್ಲೂ ಇಂಥದೇ ದಾರ ಇತ್ತು ಎಂದರೆ ಫೈಟರ್‌ನವರ ನಗು ನಿಲ್ಲುತ್ತದೆ. ರೆಕ್ಕೆ ಉದ್ದವಾದಷ್ಟೂ ಐಲರಾನಿನ ವಿರುದ್ಧ ಎಳೆತ ಜಾಸ್ತಿ. ಹಾಗಾಗಿ ಪಾದ ನೆಲದ ಮೇಲಿಟ್ಟು ಗ್ಲೈಡರ್ ತಿರುಗಿಸಲು ಆಗುವುದೇ ಇಲ್ಲ. 172ರಲ್ಲಿ ಹತ್ತು ಗಂಟೆಗೆ ಬರುವ ಕಾಲಿನ ಬುದ್ಧಿ ಇಲ್ಲಿ ಮೂರಕ್ಕೆ ಬರುತ್ತದೆ.

ಶಕ್ತಿಯ ಲೆಕ್ಕದಲ್ಲಿ ನಿಮಗೆ ಮೊದಲೇ ಕೈಯಿದೆ. ಇಲ್ಲಿ ಅದು ಬೇರೆ ರೂಪದಲ್ಲಿ ಕೆಲಸಕ್ಕೆ ಬರುತ್ತದೆ. ಕಲಿಕೆಗೆ ಬಹಳ ಬಳಸುವ ಎಎಸ್‌ಕೆ 21 ಗ್ಲೈಡರ್ ಗಾಳಿಯಿಲ್ಲದ ದಿನ ಒಂದು ಕಿಲೋಮೀಟರ್ ಇಳಿಯುವಷ್ಟರಲ್ಲಿ ಸುಮಾರು 34 ಕಿಲೋಮೀಟರ್ ಸಾಗುತ್ತದೆ. ಎಂಜಿನ್ ನಿಂತ 172 ಒಂಬತ್ತು ಕಿಲೋಮೀಟರ್ ಆಸುಪಾಸು. ಇಳಿಯುವ ಅವಕಾಶ ಒಂದೇ, ಸುತ್ತು ಹಾಕಿ ಮತ್ತೆ ಬರುವಂತಿಲ್ಲ. ಎಂಜಿನ್ ಇಲ್ಲದೆ ಗದ್ದೆಯಲ್ಲಿ ಇಳಿಸುವುದು ಇಲ್ಲಿ ದಿನನಿತ್ಯದ ಪಾಠ. ಎಜೆಕ್ಷನ್ ಸೀಟು ನಂಬಿ ಬೆಳೆದವರು ಹಗುರ ವಿಮಾನಕ್ಕೆ ಬರುವ ಮುನ್ನ ಕಲಿಯಬೇಕಾದದ್ದು ಇದನ್ನೇ. ಹಡ್ಸನ್ ನದಿಯ ಮೇಲೆ 2009ರಲ್ಲಿ ಏರ್‌ಬಸ್ ಇಳಿಸಿದ ಸಲ್ಲೆನ್‌ಬರ್ಗರ್ ಹಿಂದೆ ಎಫ್-4 ಹಾರಿಸಿದವರು. ಅವರಿಗೆ ಗ್ಲೈಡರ್ ಲೈಸೆನ್ಸೂ ಇತ್ತು.

ಖರ್ಚು ಎಲ್ಲಕ್ಕಿಂತ ಕಡಿಮೆ, ಆದರೆ ಸಮಯ ಇಡೀ ದಿನದ್ದು. ಮೂವತ್ತು ನಿಮಿಷ ಹಾರಲು ಆರು ಗಂಟೆ ಮೈದಾನದಲ್ಲಿ ಇರಬೇಕು: ಬೇರೆಯವರ ಗ್ಲೈಡರ್ ತಳ್ಳಬೇಕು, ಹಗ್ಗ ಸಿಕ್ಕಿಸಬೇಕು, ರೆಕ್ಕೆಯ ತುದಿ ಹಿಡಿದು ಓಡಬೇಕು. ಹದಿನಾಲ್ಕನೇ ವಯಸ್ಸಿಗೇ ಸೋಲೊ, ಅಂದರೆ ಒಂಟಿಯಾಗಿ ಹಾರಲು ಬಿಡುವ ದೇಶಗಳಿವೆ. ಅಂಥ ಒಬ್ಬ ಹುಡುಗಿಯ ಗ್ಲೈಡರಿನ ರೆಕ್ಕೆ ಹಿಡಿದು ಓಡಲು ನಿಮ್ಮ ರ‍್ಯಾಂಕು ಒಪ್ಪುತ್ತದೆಯೇ ಎಂದು ಕೇಳಿಕೊಳ್ಳಿ. ಒಪ್ಪಿದವರು ಬಿಟ್ಟು ಹೋಗುವುದು ಅಪರೂಪ. ಸ್ಕ್ವಾಡ್ರನ್ನಿನಲ್ಲಿ ಇದ್ದ ಕೂಡುಬಾಳು ಅವರಿಗೆ ಮತ್ತೆ ಸಿಗುತ್ತದೆ. ಊರಿಂದೂರಿಗೆ ಹೋಗುವ ಆಸೆ, ವಾರಕ್ಕೆ ಎರಡೇ ಗಂಟೆ ಬಿಡುವು ಎನ್ನುವವರಿಗೆ ಇದು ಸಲ್ಲದು. ಅಂಥವರು ಎಂಜಿನ್ ಇರುವ ಮೋಟಾರ್ ಗ್ಲೈಡರ್ ನೋಡಬಹುದು, ಸಿಕ್ಕರೆ.

ಬಾಲದ ಚಕ್ರ, ಕೈಯಾರೆ ಕಟ್ಟಿದ್ದು

ಪೈಪರ್ ಕಬ್‌ನಂಥ ಬಾಲಚಕ್ರದ ವಿಮಾನಗಳಲ್ಲಿ ತೂಕದ ಕೇಂದ್ರ ಮುಖ್ಯ ಚಕ್ರಗಳ ಹಿಂದಿರುತ್ತದೆ. ನೇರ ಹೋಗುವುದು ಅದರ ಸ್ವಭಾವವಲ್ಲ. ಬಾಲ ಮುಂದೆ ಬರಲು ಕಾಯುತ್ತಲೇ ಇರುತ್ತದೆ. ಇಳಿದ ಮೇಲೂ ಚಕ್ರ ನಿಲ್ಲುವವರೆಗೆ ಕಾಲು ಕೆಲಸ ಮಾಡಬೇಕು. ಕಬ್‌ಗೆ 65 ಅಶ್ವಶಕ್ತಿ, ಒಬ್ಬರೇ ಆದರೆ ಹಿಂದಿನ ಸೀಟು, ಬಾಗಿಲು ತೆರೆದೇ ಹಾರಾಟ. ಹತ್ತಿ ಕೂರಲು ಮೈ ಮಡಚಬೇಕು, ಬೆನ್ನು ನೋವಿರುವವರು ಮೊದಲು ನಿಂತ ವಿಮಾನದಲ್ಲಿ ಹತ್ತಿ ಇಳಿದು ನೋಡಲಿ. ವಿಮೆಯವರು ಬಾಲಚಕ್ರದ ಗಂಟೆ ಎಷ್ಟು ಎಂದೇ ಕೇಳುತ್ತಾರೆ, ಜೆಟ್ ಗಂಟೆ ಲೆಕ್ಕಕ್ಕೆ ಬಾರದು.

ಆರ್‌ವಿ-8 ನಿಜಕ್ಕೂ ಒಳ್ಳೆಯದು. ಫೈಟರ್‌ನವರು ಅದಕ್ಕೆ ಮನಸೋಲುವುದು ಸುಮ್ಮನಲ್ಲ: ಸ್ಟಿಕ್ ಹಗುರ, 170 ನಾಟ್‌ವರೆಗೂ ವೇಗ, ಪುಟ್ಟ ರನ್‌ವೇ ಸಾಕು. ಆದರೆ ಕಿಟ್ ತರಿಸಿ ಕಟ್ಟುವುದೆಂದರೆ ಸಾವಿರ, ಎರಡು ಸಾವಿರ ಗಂಟೆ ರಿವೆಟ್ ಹೊಡೆಯುವುದು. ನಿಮಗೆ ಬೇಕಿರುವುದು ಹಾರುವುದೋ ಕಟ್ಟುವುದೋ? ಕಟ್ಟುವುದೇ ಇಷ್ಟವೆಂದರೆ ಇದಕ್ಕಿಂತ ಒಳ್ಳೆಯ ನಿವೃತ್ತಿ ಇಲ್ಲ. ಹಾರುವುದು ಎಂದಾದರೆ ಆ ನಾಲ್ಕೈದು ವರ್ಷ ಕೈ ತುಕ್ಕು ಹಿಡಿಯುತ್ತದೆ. ಬೇರೆಯವರು ಕಟ್ಟಿದ್ದನ್ನು ಕೊಳ್ಳುವುದಾದರೆ ಅದೇ ಮಾದರಿ ಕಟ್ಟಿದ ಮೂರನೆಯವರಿಂದ ಪರೀಕ್ಷೆ ಮಾಡಿಸಿ.

ಹಳೆಯ ಸೇನಾ ತರಬೇತಿ ವಿಮಾನ

ಈಗ ಯಾಕ್-52. ಒಂಬತ್ತು ಸಿಲಿಂಡರಿನ ವೃತ್ತಾಕಾರದ ಎಂಜಿನ್, 360 ಅಶ್ವಶಕ್ತಿ. ಸ್ಟಾರ್ಟ್ ಆಗುವುದೂ ಬ್ರೇಕ್ ಹಿಡಿಯುವುದೂ ಸಂಕುಚಿತ ಗಾಳಿಯಿಂದ. ನೆಲದ ಮೇಲೆ ಓಡಿಸುವಾಗ (ಟ್ಯಾಕ್ಸಿ) ಬರುವ 'ಸುಸ್' ಸದ್ದು ಕೇಳಿದರೆ ಸಾಕು, ಮನಸ್ಸು ಹೋಗಿಬಿಡುತ್ತದೆ. ನನಗೂ ಹೋಗಿದೆ. ಚಕ್ರ ಮಡಚಿದರೂ ಅರ್ಧ ಹೊರಗೇ ಇರುತ್ತದೆ, ಇಳಿಯುವಾಗ ಅದನ್ನು ಹೊರಬಿಡಲು ಮರೆತವರ ಹಾನಿ ಕಡಿಮೆಯಾಗಲೆಂದು. ವಿನ್ಯಾಸ ಮಾಡಿದವರಿಗೆ ವಿದ್ಯಾರ್ಥಿಗಳು ಚೆನ್ನಾಗಿ ಗೊತ್ತಿದ್ದರು.

ಆದರೆ ನಿಂತಾಗ ಕೆಳಗಿನ ಸಿಲಿಂಡರುಗಳಿಗೆ ಎಣ್ಣೆ ಇಳಿಯುತ್ತದೆ. ಸ್ಟಾರ್ಟ್ ಮಾಡುವ ಮುನ್ನ ಪ್ರೊಪೆಲ್ಲರನ್ನು ಕೈಯಲ್ಲಿ ಸುತ್ತಿಸಿ ನೋಡದಿದ್ದರೆ ಸಿಲಿಂಡರಿನ ಒಳಗಿನ ರಾಡ್ ಬಾಗುತ್ತದೆ, ಎಂಜಿನ್ ಹೋಯಿತು. ಪ್ರೊಪೆಲ್ಲರ್ ಬಹುತೇಕ ಪಾಶ್ಚಾತ್ಯ ವಿಮಾನಗಳಿಗೆ ಎದುರು ದಿಕ್ಕಿಗೆ ತಿರುಗುತ್ತದೆ. ಅದಕ್ಕೇ 172ರಲ್ಲಿ ಬಲಗಾಲು ಕಲಿತವರು ಇಲ್ಲಿ ಎಡಗಾಲು ಕಲಿಯಬೇಕು. ಇಂಧನ 172ರ ಇಮ್ಮಡಿ ಆಸುಪಾಸು. ಈ ಎಂಜಿನ್ ಬಲ್ಲವರು ಹತ್ತಿರ ಇಲ್ಲದಿದ್ದರೆ ಒಂದು ಸೀಲ್ ಹೋದರೂ ತಿಂಗಳುಗಟ್ಟಲೆ ಹ್ಯಾಂಗರಿನಲ್ಲೇ. ಎರಡನೇ ಮಹಾಯುದ್ಧದ ಕಾಲದ ತರಬೇತಿ ವಿಮಾನ ಹಾರ್ವರ್ಡ್‌ನ 600 ಅಶ್ವಶಕ್ತಿಗೆ ಹೋದರೆ ಆನೆ ಸಾಕಿದ ಹಾಗೆ.

ಅಪಾಯವೂ ಇಲ್ಲೇ ಹೆಚ್ಚು, ಏಕೆಂದರೆ ಇದು ನಿಮಗೆ ನಿಮ್ಮ ಮೂವತ್ತನೇ ವಯಸ್ಸನ್ನು ವಾಪಸು ಕೊಟ್ಟಂತೆ ಮಾಡುತ್ತದೆ. ಅಂದು ದಿನಾ ಹಾರುತ್ತಿದ್ದಿರಿ, ತಪ್ಪಾದರೆ ಎಳೆದು ಹೊರಚಿಮ್ಮಲು ಎಜೆಕ್ಷನ್ ಸೀಟಿನ ಹಿಡಿಕೆ ಇತ್ತು. ಇಂದು ತಿಂಗಳಿಗೆ ಎರಡು ಗಂಟೆ, ಹಿಡಿಕೆ ಇಲ್ಲ, ಕೆಳಗೆ ನೋಡುತ್ತಿರುವ ಬಂಧುಬಳಗ ಮಾತ್ರ ಇದೆ. ನಾಲ್ಕೈದು ಮಂದಿ ಪಾಲುದಾರರು, ಪಕ್ಕದಲ್ಲೇ ಬಲ್ಲ ಮೆಕ್ಯಾನಿಕ್, ತಿಂಗಳಿಗೆ ಹತ್ತು ಗಂಟೆ: ಈ ಮೂರೂ ಇದ್ದರೆ ತೆಗೆದುಕೊಳ್ಳಿ, ಹೊಟ್ಟೆಕಿಚ್ಚಿನಿಂದಲೇ ಹರಸುತ್ತೇನೆ.

ಹಿಡಿಕೆ ಬೇಕೇಬೇಕು, ದುಡ್ಡಿಗೆ ಚಿಂತೆಯಿಲ್ಲ ಎನ್ನುವವರಿಗೆ ಸಿರ್ರಸ್ ಇದೆ. ಇಡೀ ವಿಮಾನವನ್ನೇ ಇಳಿಸುವ ಪ್ಯಾರಾಚೂಟ್ ಅದರದ್ದು. ಆ ಹಿಡಿಕೆ ಎಳೆಯಲು ಹಿಂಜರಿಯದವರು ಬಹುಶಃ ಸೇನೆಯಿಂದ ಬಂದವರೇ.

ಬಾಡಿಗೆಯೋ, ಪಾಲೋ, ಸ್ವಂತವೋ

ವರ್ಷಕ್ಕೆ ನೂರು ಗಂಟೆಯ ಒಳಗಾದರೆ ನನ್ನ ಲೆಕ್ಕದಲ್ಲಿ ಬಾಡಿಗೆಯೇ ಗೆಲ್ಲುತ್ತದೆ. ಸ್ವಂತ ವಿಮಾನ ನಿಂತಷ್ಟೂ ಉಳಿತಾಯ ಎಂದು ತಿಳಿಯಬೇಡಿ. 172ರಂಥವುಗಳ ಲೈಕಮಿಂಗ್ ಎಂಜಿನ್ ಹಾರದೆ ನಿಂತರೆ ಒಳಗಿನ ಕ್ಯಾಮ್‌ಶಾಫ್ಟಿಗೆ ತುಕ್ಕು ಹಿಡಿಯುತ್ತದೆ. ಗಂಟೆ ಮುಗಿಯದಿದ್ದರೂ 12 ವರ್ಷಕ್ಕೆ ಓವರ್‌ಹಾಲ್ ಮಾಡಿಸಿ ಎಂದೇ ಕಂಪನಿಯ ಶಿಫಾರಸು. ರೋಟ್ಯಾಕ್ಸಿನ ರಬ್ಬರ್ ಪೈಪುಗಳನ್ನು ಐದು ವರ್ಷಕ್ಕೊಮ್ಮೆ ಬದಲಾಯಿಸಬೇಕು, ಹಾರಿಸಿ ಬಿಡಿ. ಇಬ್ಬರು ಮೂವರು ಪಾಲುದಾರರಿದ್ದರೆ ಸ್ಥಿರ ಖರ್ಚು ಹಂಚಿಹೋಗುತ್ತದೆ, ಎಂಜಿನ್ನೂ ಬೆಚ್ಚಗಿರುತ್ತದೆ. ಒಬ್ಬರು ಹೊರಹೋದಾಗ ಪಾಲಿನ ಬೆಲೆ ಹೇಗೆ ಕಟ್ಟುವುದು ಎಂಬುದನ್ನು ಮೊದಲೇ ಬರೆದಿಡಿ. ಸ್ನೇಹ ಕೆಡುವುದು ಅಲ್ಲಿ.

ಏನೇ ಆಗಲಿ, ಮೊದಲ ಐವತ್ತು ಗಂಟೆ ಯಾವುದನ್ನೂ ಕೊಳ್ಳಬೇಡಿ. ಅಷ್ಟರಲ್ಲಿ ಹತ್ತು ಗಂಟೆ ಗ್ಲೈಡರ್, ಉಳಿದದ್ದು ಕ್ಲಬ್ಬಿನ 172 ಅಥವಾ ರೋಟ್ಯಾಕ್ಸ್ ವಿಮಾನ, ಮಧ್ಯೆ ಒಂದು ದಿನ ಯಾರದಾದರೂ ಯಾಕ್‌ನ ಹಿಂದಿನ ಸೀಟು. ಆಮೇಲೆ ಲಾಗ್‌ಬುಕ್ ತೆರೆದು ತಿಂಗಳಿಗೆ ಎಷ್ಟು ಬಿತ್ತು ಎಂದು ಎಣಿಸಿ.

ಮೊದಲ ಪಾಠಕ್ಕೆ ಬರುವಾಗ ಹಳೆಯ ಫ್ಲೈಯಿಂಗ್ ಬೂಟು ಬೇಡ. ತೆಳು ಅಡಿಯ ಶೂ ಹಾಕಿಕೊಂಡು ಬನ್ನಿ. ದಪ್ಪ ಅಡಿಯಿದ್ದರೆ ಪೆಡಲ್ ಏನು ಹೇಳುತ್ತಿದೆ ಎಂಬುದು ಪಾದಕ್ಕೆ ಕೇಳಿಸುವುದಿಲ್ಲ.